ಹಳೆಯ ಹಾರ್ನಿಗೆ ವಾಕಿಟಾಕಿಯ ಜೋಡಣೆ

ಬೆಳೆಗಾರ ಬಂಧುಗಳಲ್ಲಿ ಹಲವರ ಉಗ್ರಾಣದ ಅಟ್ಟದಲ್ಲಿ ಹಳೆಯ ಧ್ವನಿವರ್ಧಕದ ಪೆಟ್ಟಿಗೆಯೊಂದು ಧೂಳು ಹಿಡಿದು ಕುಳಿತಿರುವುದುಂಟು. ಕಾರ್ಖಾನೆಗಳಲ್ಲಿ ಇದನ್ನೇ ಪೇಜಿಂಗ್ ಆಂಪ್ಲಿಫೈಯರ್ ಎನ್ನುತ್ತಾರೆ. ನಮ್ಮಲ್ಲಿದ್ದುದು 30 ವ್ಯಾಟಿನದು. ಮನೆಯ ಕರೆಂಟಿನಲ್ಲೂ 12 ವೋಲ್ಟಿನ ಬ್ಯಾಟರಿಯಲ್ಲೂ ನಡೆಯುವಂಥದು. ಕಣದ ಕಂಬಕ್ಕೆ ಒಂದು ಹಾರ್ನು, ಲೈನು ಮನೆಗಳ ಕಡೆಗೆ ಇನ್ನೊಂದು. ಮೋಡ ಕಟ್ಟಿದಾಗ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಿ ಎಂದು ಕೂಗಿ ಹೇಳಲು ಹಿರಿಯರು ಹಾಕಿಸಿದ್ದರು. ಮೊಬೈಲು ಬಂದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ.

ಅದನ್ನು ಮತ್ತೆ ಕೆಳಗಿಳಿಸಿದ್ದು ಆನೆಗಳ ದೆಸೆಯಿಂದ. ಸಕಲೇಶಪುರ, ಆಲೂರು, ಕೊಡಗಿನ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತೋಟದ ಮೇಲಂಚಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಸುಮ್ಮನಾಗುತ್ತದೆ. ಹೀಗಾಗಿ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ವಾಕಿಟಾಕಿ ಕೊಂಡೆವು. ಆದರೆ ವಾಕಿಟಾಕಿಯ ಮಾತು ಕೈಯಲ್ಲಿ ಹಿಡಿದವನಿಗೆ ಮಾತ್ರ ಕೇಳುತ್ತದೆ. ಲೈನಿನ ಹಿಂದೆ ಬಟ್ಟೆ ಒಗೆಯುವವರಿಗೆ, ಕಣದಲ್ಲಿ ಹರಡುವವರಿಗೆ ಕೇಳುವುದಿಲ್ಲ. ಮೇಲಿನ ಕಾವಲಿನವನು ವಾಕಿಟಾಕಿಯಲ್ಲಿ ಆಡಿದ ಮಾತು ನೇರವಾಗಿ ಹಾರ್ನಿನಲ್ಲಿ ಬರಬೇಕೆಂಬುದು ನಮ್ಮ ಯೋಚನೆ.

ಯೋಚನೆ ಸರಿಯಾಗಿತ್ತು, ಮೊದಲ ಜೋಡಣೆ ಸರಿಯಾಗಿರಲಿಲ್ಲ. ಎರಡು ಪಿನ್ನಿನ ಇಯರ್‌ಫೋನ್ ಒಂದನ್ನು ಕತ್ತರಿಸಿ, ಕಪ್ಪು ತಂತಿಗಳೆಲ್ಲ ಅರ್ತಿಂಗೇ ಇರಬೇಕೆಂದು ಎಲ್ಲವನ್ನೂ ಸೇರಿಸಿ ಆಂಪ್ಲಿಫೈಯರಿನ ಮೈಗೆ ಬೆಸೆದೆವು. ಈ ಜಾತಿಯ ಅನೇಕ ಸೆಟ್ಟುಗಳಲ್ಲಿ ಎರಡು ಪಿನ್ನುಗಳ ಹೊರಬಳೆಗಳು ಒಂದಕ್ಕೊಂದು ತಗುಲಿದರೆ ಮಾತಿನ ಗುಂಡಿಯನ್ನು ಒತ್ತಿ ಹಿಡಿದಂತೆಯೇ ಲೆಕ್ಕ. ಇದು ನಮಗೆ ಗೊತ್ತಿರಲಿಲ್ಲ. ಕಪಾಟಿನೊಳಗೆ ಸೆಟ್ಟು ಕೆಂಪು ದೀಪ ಹೊತ್ತಿಸಿಕೊಂಡು ಸಂಜೆಯಿಂದ ಪ್ರಸಾರ ಮಾಡುತ್ತಲೇ ಇತ್ತು. ಪ್ರಸಾರ ಮಾಡುತ್ತಿರುವ ಸೆಟ್ಟಿಗೆ ಬೇರೆಯವರ ಮಾತು ಕೇಳುವುದಿಲ್ಲ. ಸಾಲದ್ದಕ್ಕೆ ಅದೇ ಚಾನೆಲ್ಲಿನಲ್ಲಿರುವ ಉಳಿದವರ ದಾರಿಯನ್ನೂ ಅದು ಕಟ್ಟಿಹಾಕುತ್ತದೆ.

ಆ ರಾತ್ರಿ ಸುಮಾರು ಒಂಬತ್ತು ಗಂಟೆಗೆ ಮೂರು ಆನೆಗಳು ಮೇಲಿನಿಂದ ಇಳಿದವು. ಕಾವಲಿನವನು ಕರೆದ, ಮತ್ತೆ ಕರೆದ. ನಾಲ್ಕು ಮನೆಗಳಲ್ಲಿ ಯಾರಿಗೂ ಕೇಳಲಿಲ್ಲ. ಕೆರೆಯ ಹತ್ತಿರ ಹೋಗಿದ್ದ ಇಬ್ಬರು ಹೆಂಗಸರು ಪಂಪ್‌ಹೌಸಿನೊಳಗೆ ಓಡಿ ಬಾಗಿಲು ಹಾಕಿಕೊಂಡು ನಡುರಾತ್ರಿ ಕಳೆಯುವತನಕ ಅಲ್ಲೇ ಕುಳಿತಿದ್ದರು. ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. ಅಡಿಕೆ ಸಸಿಗಳು ಹೋದವು, ಅದು ಬೇರೆ ಮಾತು. ಎಚ್ಚರಿಸಬೇಕೆಂದು ಹಾಕಿದ ಯಂತ್ರವೇ ಎಚ್ಚರಿಕೆಯ ಬಾಯಿ ಮುಚ್ಚಿತ್ತು. ಈ ಲೇಖನ ಬರೆಯಲು ಅದೇ ಕಾರಣ.

ಈಗ ಮಾಡಿರುವ ಜೋಡಣೆ ಹೀಗಿದೆ. ಒಂದು ಸೆಟ್ಟನ್ನು ಕೇಳುವ ಕೆಲಸಕ್ಕೆ ಮಾತ್ರ ಮೀಸಲಿಟ್ಟೆವು. ಅದರ ಸ್ಪೀಕರಿನ ಎರಡು ತಂತಿಗಳನ್ನಷ್ಟೇ ಹೊರತಂದು, ಮೈಕಿನ ತಂತಿಗಳನ್ನು ಕತ್ತರಿಸಿ ಒಂದೊಂದಕ್ಕೂ ಬೇರೆ ಬೇರೆ ಟೇಪು ಸುತ್ತಿದೆವು. ಯಾವ ತಂತಿ ಯಾವುದೆಂದು ಬಣ್ಣ ನೋಡಿ ತೀರ್ಮಾನಿಸಕೂಡದು, ಮೀಟರು ಹಿಡಿದೇ ನೋಡತಕ್ಕದ್ದು. ಸ್ಪೀಕರ್ ತಂತಿಗಳನ್ನು ನೇರವಾಗಿ ಆಂಪ್ಲಿಫೈಯರಿಗೆ ಕೊಡದೆ ನಡುವೆ 600ಕ್ಕೆ 600 ಓಮಿನ ಪುಟ್ಟ ಆಡಿಯೋ ಟ್ರಾನ್ಸ್‌ಫಾರ್ಮರ್ ಇಟ್ಟೆವು. ಹಲವು ಸೆಟ್ಟುಗಳಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ಅರ್ತಿಂಗ್ ಅಲ್ಲ. ಒಂದನ್ನು ಆಂಪ್ಲಿಫೈಯರಿನ ಮೈಗೆ ಮುಟ್ಟಿಸಿದರೆ ಒಳಗಿನ ಚಿಪ್ಪು ಸುಡಬಹುದು. ಟ್ರಾನ್ಸ್‌ಫಾರ್ಮರಿನಲ್ಲಿ ಮಾತು ದಾಟುತ್ತದೆ, ಲೋಹದ ಸಂಪರ್ಕ ಇರುವುದಿಲ್ಲ. ಚಾರ್ಜರಿನಿಂದ ಬರುತ್ತಿದ್ದ ಗುಂಯ್ ಶಬ್ದವೂ ಇದರಿಂದ ನಿಂತಿತು.

ಇನ್ನು ಬಲದ ವಿಚಾರ. ಆಂಪ್ಲಿಫೈಯರಿನ ಮೈಕ್ ಕಿಂಡಿಗೆ ಕೆಲವು ಮಿಲಿವೋಲ್ಟ್ ಸಾಕು. ಸ್ಪೀಕರ್ ತಂತಿಯಲ್ಲಿ ಬರುವುದು ಒಂದೆರಡು ವೋಲ್ಟ್. ಅದನ್ನು ಮೈಕ್ ಕಿಂಡಿಗೆ ಕೊಟ್ಟರೆ ಮಾತು ಒಡೆದು ಕರ್ಕಶವಾಗುತ್ತದೆ. ‘ಆಕ್ಸ್’ ಎಂದು ಬರೆದ ಕಿಂಡಿಗೇ ಕೊಡಬೇಕು. ಅದಕ್ಕೂ ಮೊದಲು 10 ಸಾವಿರ ಓಮಿನ ರೆಸಿಸ್ಟರನ್ನು ಸಾಲಿನಲ್ಲಿಯೂ 1 ಸಾವಿರ ಓಮಿನದನ್ನು ಅಡ್ಡಕ್ಕೂ ಹಾಕಿದರೆ ಬಲ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ವಾಕಿಟಾಕಿಯ ವಾಲ್ಯೂಮನ್ನು ಅರ್ಧಕ್ಕೆ ಇಟ್ಟು ಗುಂಡಿಯ ಮೇಲೆ ಟೇಪು ಅಂಟಿಸಿದ್ದೇವೆ. ಮನೆಯ ಮಕ್ಕಳಿಂದ ಕಾಪಾಡಲು ಬೇರೆ ದಾರಿ ಕಾಣಲಿಲ್ಲ.

ಹಾರ್ನುಗಳು ದೂರವಿದ್ದರೆ 100 ವೋಲ್ಟ್ ಲೈನಿನಲ್ಲಿ ನಡೆಸುವುದು ವಾಡಿಕೆ. 30 ವ್ಯಾಟಿನ ಪೆಟ್ಟಿಗೆಗೆ 15 ವ್ಯಾಟಿನ ಎರಡು ಹಾರ್ನು ಸರಿಹೋಗುತ್ತವೆ, ಮೂರನೆಯದನ್ನು ಸೇರಿಸಬಾರದು. ಈ ಲೈನು ಮುಟ್ಟಿದರೆ ಹೊಡೆಯುತ್ತದೆ, ಆದ್ದರಿಂದ ಮಳೆಗೆ ತೋಯುವ ಗಂಟುಗಳನ್ನು ಚೆನ್ನಾಗಿ ಮುಚ್ಚಬೇಕು.

ಎಲ್ಲ ಸೆಟ್ಟುಗಳಲ್ಲಿಯೂ ‘ಟೈಮ್ ಔಟ್’ ಎಂಬ ವ್ಯವಸ್ಥೆಯನ್ನು 60 ಸೆಕೆಂಡಿಗೆ ಇಟ್ಟಿದ್ದೇವೆ. ಗುಂಡಿ ಸಿಕ್ಕಿಕೊಂಡರೂ ನಿಮಿಷಕ್ಕೆ ಪ್ರಸಾರ ತಾನಾಗಿ ನಿಲ್ಲುತ್ತದೆ. ಇದನ್ನು ಮೊದಲೇ ಮಾಡಿದ್ದರೆ ಆ ರಾತ್ರಿ ಹಾಗಾಗುತ್ತಿರಲಿಲ್ಲ. ಜೊತೆಗೆ ಸಬ್‌ಟೋನ್ ಹಾಕಿಕೊಂಡೆವು. ಮಾತಿನ ಅಡಿಯಲ್ಲಿ ಸಾಗುವ ಈ ಮಂದ್ರ ಸ್ವರ ಇದ್ದರೆ ಮಾತ್ರ ನಮ್ಮ ಸೆಟ್ಟು ಬಾಯಿ ತೆರೆಯುತ್ತದೆ. ದಾರಿಹೋಕರ ಸೆಟ್ಟಿನ ಹರಟೆ ಹಾರ್ನಿನಲ್ಲಿ ಬರುವುದಿಲ್ಲ. ಹಾಗೆಂದು ನಮ್ಮ ಮಾತು ಗುಟ್ಟಾಗಿರುತ್ತದೆಂದು ತಿಳಿಯಬೇಡಿ, ಬೇರೆಯವರು ಕೇಳಬಲ್ಲರು. ಹಾರ್ನಿನ ಬುಡದಲ್ಲಿ ನಿಂತು ವಾಕಿಟಾಕಿಯಲ್ಲಿ ಮಾತಾಡಿದರೆ ಕಿವಿ ಹರಿಯುವಂತೆ ಊಳಿಡುತ್ತದೆ. ದೂರ ಸರಿದು ಮಾತಾಡಬೇಕು.

ಕಾನೂನಿನ ಮಾತನ್ನು ಬಿಡುವಂತಿಲ್ಲ. ನಮ್ಮ ದೇಶದಲ್ಲಿ 27 ಮೆಗಾಹರ್ಟ್ಸಿನ ಸಿಟಿಜನ್ ಬ್ಯಾಂಡಿಗೆ 2005ರಿಂದಲೂ, 446.0ರಿಂದ 446.2 ಮೆಗಾಹರ್ಟ್ಸಿನ ಅಲ್ಪ ಶಕ್ತಿಯ ಸೆಟ್ಟುಗಳಿಗೆ 2018ರಿಂದಲೂ ಲೈಸೆನ್ಸಿನ ವಿನಾಯಿತಿ ಉಂಟು. ಆದರೆ ಸೆಟ್ಟಿಗೆ ಸರ್ಕಾರದ ಸಲಕರಣೆ ಅನುಮೋದನೆ ಇರಲೇಬೇಕು. ಅಗ್ಗವಾಗಿ ಸಿಗುವ, ಯಾವ ಫ್ರೀಕ್ವೆನ್ಸಿಗಾದರೂ ತಿರುಗಿಸಬಹುದಾದ ಸೆಟ್ಟುಗಳನ್ನು ಲೈಸೆನ್ಸಿಲ್ಲದೆ ಬಳಸುವುದು ಅಪರಾಧ. ಆನ್‌ಲೈನಿನಲ್ಲಿ ಇಂಥವುಗಳ ಮಾರಾಟದ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಹಾರ್ನಿನ ಬಗ್ಗೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಿವೆ: ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಸಾರ್ವಜನಿಕ ತುರ್ತಿನ ಹೊರತು ಬಳಸಕೂಡದು. ನಾವು ಮೊದಲೇ ಅರ್ಜಿ ಕೊಟ್ಟು ಅನುಮತಿ ಪಡೆದೆವು. ರಾತ್ರಿ ಆನೆಯ ಸುದ್ದಿ ಬಿಟ್ಟು ಬೇರೇನೂ ಹೇಳುವುದಿಲ್ಲ.

ಹಾರ್ನಿನ ಬಾಯಿ ಮನೆಗಳ ಕಡೆಗಿದೆ, ಕಾಡಿನ ಕಡೆಗಲ್ಲ. ಆನೆಯನ್ನು ಹೆದರಿಸಲು ಅದರಲ್ಲಿ ಕೂಗಕೂಡದೆಂದು ಕಾವಲಿನವರಿಗೆ ಖಡಾಖಂಡಿತವಾಗಿ ಹೇಳಿದ್ದೇವೆ. ಎಲ್ಲಿ ಕಂಡಿತು, ಯಾವ ಕಡೆಗೆ ಹೊರಟಿತು, ಒಳಗಿರಿ, ಇಷ್ಟೇ ಮಾತು. ಅದನ್ನೇ ಎರಡು ಸಲ. ಪ್ರತಿದಿನ ಸಂಜೆ ಆರಕ್ಕೆ ಮೇಲಿನಿಂದ ಒಂದು ಪರೀಕ್ಷೆಯ ಕರೆ ಬರುತ್ತದೆ. ಹಾರ್ನಿನಲ್ಲಿ ಅದು ಕೇಳದಿದ್ದರೆ ಲೈನಿನವರೇ ಬಂದು ಕಪಾಟು ತೆರೆಸುತ್ತಾರೆ. ಆ ಪಂಪ್‌ಹೌಸಿನ ಇಬ್ಬರಲ್ಲಿ ಒಬ್ಬಾಕೆ ಈ ವಿಷಯದಲ್ಲಿ ನಮಗಿಂತ ಕಟ್ಟುನಿಟ್ಟು.

ಗುಡುಗು ಹತ್ತಿರವಾದರೆ ಹಾರ್ನಿನ ಲೈನನ್ನು ಕಳಚಿಡುತ್ತೇವೆ. ಗುಡ್ಡದ ಮೇಲಿನ ಉದ್ದನೆಯ ತಂತಿ ಸಿಡಿಲಿಗೆ ದಾರಿ. ಅಂಥ ಹೊತ್ತಿಗೆಂದು ಕಣದ ಕಂಬದ ಹಳೆಯ ಕಬ್ಬಿಣದ ಗಂಟೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.