ಗಂಟುನೋವಿನವರಿಗೆ ಬಿಸಿಲೇಕೆ ಸುಡುತ್ತದೆ?

ಬೆಳಿಗ್ಗೆ ಏಳುವಾಗ ಬೆರಳುಗಳು ಮಡಚಲಾಗದಷ್ಟು ಬಿಗಿದಿರುತ್ತವೆ. ರೊಟ್ಟಿಯ ಹಿಟ್ಟು ನಾದಲು ಕೈ ಬರುವುದಿಲ್ಲ. "ಸ್ವಲ್ಪ ಹೊತ್ತು ಬಿಸಿಲಿಗೆ ಕೂತ್ಕೋ ಮಗಳೇ, ಸರಿಹೋಗುತ್ತದೆ" ಎನ್ನುತ್ತಾರೆ ಮನೆಯ ಹಿರಿಯರು. ನೀವು ಅಂಗಳದಲ್ಲಿ ಕೂರುತ್ತೀರಿ. ಕೀಲಿಗೆ ಹಿತವೆನಿಸುವುದು ನಿಜ. ಆದರೆ ಸಂಜೆಯಾಗುವಾಗ ಮುಖ, ಮುಂಗೈ ಕೆಂಪಾಗಿ ಉರಿಯತೊಡಗುತ್ತದೆ. ಟ್ಯೂಬ್‌ಲೈಟಿನ ಬೆಳಕೂ ಕಣ್ಣಿಗೆ ಚುಚ್ಚುತ್ತದೆ. "ಆ ಮಾತ್ರೆ ಬಹಳ ಉಷ್ಣ, ನಿಲ್ಲಿಸಿಬಿಡು" ಎಂದು ಪಕ್ಕದ ಮನೆಯವರು ಸಲಹೆ ಕೊಡುತ್ತಾರೆ. ನೀವು ಮಾತ್ರೆ ನಿಲ್ಲಿಸುತ್ತೀರಿ.

ಸಹೋದರಿಯರೇ, ತಪ್ಪಾಗುವುದು ಇಲ್ಲಿಯೇ. ಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳಲು ಹಲವು ದಾರಿಗಳಿವೆ. ಆದರೆ ಚಿಕಿತ್ಸೆ ನಿಂತು ಒಮ್ಮೆ ಸವೆದುಹೋದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ.

ಇದು ಎಂಥ ರೋಗ?

ರುಮಟಾಯ್ಡ್ ಆರ್ಥ್ರೈಟಿಸ್ ವಯಸ್ಸಾದಂತೆ ಬರುವ ಮೊಣಕಾಲಿನ ಸವೆತವಲ್ಲ. ರೋಗಾಣುಗಳೊಂದಿಗೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಬೆರಳು, ಮಣಿಕಟ್ಟು, ಪಾದಗಳ ಸಣ್ಣ ಕೀಲುಗಳು ಎರಡೂ ಬದಿಗಳಲ್ಲಿ ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೂ ಇರಬಹುದು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡರಿಂದ ಮೂರು ಪಟ್ಟು ಹೆಚ್ಚು.

ಈ ರೋಗ ತಾನಾಗಿಯೇ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುವುದು ಅಪರೂಪ. ಹೆಚ್ಚಿನವರಲ್ಲಿ ಅದಕ್ಕೆ ಕಾರಣ ಔಷಧ. ಆದರೆ ಬಿಸಿಲಿಗೆ ಹೋದಾಗಲೆಲ್ಲ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆಯ ಆಕಾರದಲ್ಲಿ ಕೆಂಪು ಮೂಡುವುದು, ಬಾಯಿಹುಣ್ಣು, ಕೂದಲು ಉದುರುವಿಕೆ ಇವೆಲ್ಲ ಕೀಲುನೋವಿನ ಜೊತೆಗೇ ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಲೂಪಸ್ ಎಂಬ ಇನ್ನೊಂದು ರೋಗದ ಲಕ್ಷಣಗಳೂ ಹೀಗೆಯೇ ಇರುತ್ತವೆ. ಅದು ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದು.

ಯಾವ ಮಾತ್ರೆಗೆ ಬಿಸಿಲು ಆಗದು?

ಕೀಲುಗಳನ್ನು ಉಳಿಸಲು ಕೊಡುವ ಮೆಥೋಟ್ರೆಕ್ಸೇಟ್, ಸಲ್ಫಾಸಲಜಿನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಗಳು ಕೆಲವರ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುತ್ತವೆ. ನ್ಯಾಪ್ರೊಕ್ಸೆನ್, ಪೈರಾಕ್ಸಿಕ್ಯಾಮ್‌ನಂತಹ ನೋವಿನ ಮಾತ್ರೆಗಳೂ ಹೀಗೆ ಮಾಡಬಲ್ಲವು. ಜೊತೆಗೆ ರಕ್ತದೊತ್ತಡಕ್ಕೆ ಹೈಡ್ರೊಕ್ಲೋರೊಥಯಜೈಡ್ ಅಥವಾ ಸೋಂಕಿಗೆ ಡಾಕ್ಸಿಸೈಕ್ಲಿನ್ ಸೇವಿಸುತ್ತಿದ್ದರೆ ಉರಿ ಇನ್ನೂ ಹೆಚ್ಚಬಹುದು. ಮೆಥೋಟ್ರೆಕ್ಸೇಟ್‌ಗೆ ಒಂದು ವಿಚಿತ್ರ ಗುಣವಿದೆ. ಕೆಲವು ದಿನಗಳ ಹಿಂದೆ ಬಿಸಿಲಿಗೆ ಸುಟ್ಟು ಮಾಯುತ್ತಿದ್ದ ಜಾಗವು ಮಾತ್ರೆ ಸೇವಿಸಿದ ನಂತರ ಮತ್ತೆ ಕೆಂಪೇರಬಹುದು.

ಹೀಗಾದರೆ ವೈದ್ಯರನ್ನು ಕಾಣಿ. ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ. ಕೀಲುರೋಗಕ್ಕೆ ಮೆಥೋಟ್ರೆಕ್ಸೇಟ್ ಸೇವಿಸಬೇಕಾದದ್ದು ವಾರಕ್ಕೆ ಒಂದೇ ದಿನ ಎಂಬುದನ್ನೂ ಮರೆಯಬೇಡಿ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಬಸಿರಿನಲ್ಲಿ ಈ ಮಾತ್ರೆ ಕೂಡದು. ಮಗು ಬೇಕೆಂದಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಹಚ್ಚುವ ಮದ್ದಿನಲ್ಲೂ ಎಚ್ಚರ

ನೋವಿಗೆ ಹಚ್ಚುವ ಕೀಟೊಪ್ರೊಫೆನ್ ಜೆಲ್‌ನ ಮೇಲೆ ಬಿಸಿಲು ಬಿದ್ದರೆ ಚರ್ಮದಲ್ಲಿ ಗುಳ್ಳೆಗಳೇಳಬಹುದು. ಈ ಕಾರಣದಿಂದಲೇ 2010ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಇದನ್ನು ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕೆಂದು ಶಿಫಾರಸು ಮಾಡಿತು. ಹಚ್ಚುವುದನ್ನು ನಿಲ್ಲಿಸಿದ ಮೇಲೂ ಎರಡು ವಾರ ಆ ಜಾಗವನ್ನು ಬಿಸಿಲಿನಿಂದ ಮುಚ್ಚಿಡಬೇಕು. ಮನೆಮದ್ದುಗಳಿಗೂ ಈ ಮಾತು ಅನ್ವಯಿಸುತ್ತದೆ. ಲಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟ ಗಾಯದಂತಾಗಿ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು.

ಕಣ್ಣಿಗೆ ಬೆಳಕು ಚುಚ್ಚಿದರೆ

ಈ ರೋಗವಿರುವ ಹಲವರಲ್ಲಿ ಕಣ್ಣೀರಿನ ಗ್ರಂಥಿಗಳು ಸೊರಗುತ್ತವೆ. ಕಣ್ಣಿನಲ್ಲಿ ಮರಳು ಬಿದ್ದಂತಾಗುವುದು, ಉರಿ, ಬೆಳಕನ್ನು ಸಹಿಸಲಾಗದಿರುವುದು, ಬಾಯಿ ಒಣಗುವುದು ಇದರ ಲಕ್ಷಣಗಳು. 1933ರಲ್ಲಿ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ಹೀಗೆ ಕಣ್ಣು ಒಣಗಿದ 19 ಮಹಿಳೆಯರ ಬಗ್ಗೆ ಬರೆದರು. ಅವರಲ್ಲಿ ಹೆಚ್ಚಿನವರಿಗೆ ಕೀಲುನೋವಿತ್ತು. ಇಂದಿಗೂ ಈ ತೊಂದರೆಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ವೈದ್ಯರು ಸೂಚಿಸುವ ಕೃತಕ ಕಣ್ಣೀರಿನ ಹನಿಗಳಿಂದ ಬಹಳಷ್ಟು ಆರಾಮ ಸಿಗುತ್ತದೆ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸದಂತೆ ನೋಡಿಕೊಳ್ಳಿ.

ಆದರೆ ಕಣ್ಣು ಕೆಂಪಾಗಿ, ಆಳದಲ್ಲಿ ನೋವೆದ್ದು, ಬೆಳಕು ನೋಡಲಾಗದೆ, ದೃಷ್ಟಿ ಮಂಜಾದರೆ ಅದನ್ನು 'ಕೆಂಗಣ್ಣು' ಎಂದುಕೊಂಡು ಅಂಗಡಿಯ ಹನಿ ಹಾಕುತ್ತಾ ಕೂರಬೇಡಿ. ಕಣ್ಣಿನ ಬಿಳಿಭಾಗಕ್ಕೆ ಅಥವಾ ಪಾರದರ್ಶಕ ಪಟಲಕ್ಕೆ ಉರಿಯೂತ ತಗುಲಿರಬಹುದು. ಅದೇ ದಿನ ನೇತ್ರವೈದ್ಯರನ್ನು ಕಾಣಬೇಕು. ತಡವಾದರೆ ದೃಷ್ಟಿಯೇ ಹೋದೀತು. ಹೈಡ್ರಾಕ್ಸಿಕ್ಲೋರೊಕ್ವಿನ್ ಸೇವಿಸುವವರು ಮೊದಲ ವರ್ಷದೊಳಗೆ ಒಮ್ಮೆ, ಐದು ವರ್ಷಗಳ ನಂತರ ಪ್ರತಿವರ್ಷ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಇನ್ನೂ ಬೇಗ ಆರಂಭಿಸಬೇಕು.

ಅಂಗಳದ ಬಿಸಿಲು

"ನಾವು ಹೊರಗೆ ಹೋಗುವಾಗ ಮೈತುಂಬ ಬಟ್ಟೆ ಇರುತ್ತದಲ್ಲ" ಎಂದು ನೀವು ಕೇಳಬಹುದು. ಹೌದು, ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಬಿಸಿಲಿಗೆ ಉತ್ತಮ ತಡೆ. ಆದರೆ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ, ಅಂಗಳದಲ್ಲಿ ಮೆಣಸು, ಹಪ್ಪಳ ಹರಡುವಾಗ ಆ ಬಟ್ಟೆ ಮೈಮೇಲೆ ಇರುವುದಿಲ್ಲ. ಹೊರಗೆ ಹೋದಾಗಲೂ ಮುಖ ಮತ್ತು ಮುಂಗೈಗಳು ತೆರೆದೇ ಇರುತ್ತವೆ. ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲು ತೀಕ್ಷ್ಣ. ಇಂಥ ಕೆಲಸಗಳನ್ನು ಅದಕ್ಕೂ ಮೊದಲೇ ಮುಗಿಸಿ, ಇಲ್ಲವೇ ಮಕ್ಕಳಿಗೋ ಮನೆಯವರಿಗೋ ವಹಿಸಿ. ಕೊಡೆ ಹಿಡಿಯಿರಿ. ತೆರೆದ ಭಾಗಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಹೊರಗಿದ್ದಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಮೋಡವಿದ್ದರೂ ಅತಿನೇರಳೆ ಕಿರಣಗಳು ಹಾದುಬರುತ್ತವೆ. ಬಸ್ಸಿನ ಕಿಟಕಿಯ ಗಾಜು ಕೂಡ ಅವುಗಳನ್ನು ಪೂರ್ತಿ ತಡೆಯುವುದಿಲ್ಲ.

ಹಾಗಾದರೆ ಹಿರಿಯರ ಮಾತು ಸುಳ್ಳೇ? ಅಲ್ಲ. ಬಿಗಿದ ಕೀಲಿಗೆ ಬೇಕಾದದ್ದು ಬಿಸಿ. ಅದು ಬಿಸಿಲಿನಿಂದಲೇ ಬರಬೇಕೆಂದಿಲ್ಲ. ಬೆಳಿಗ್ಗೆ ಹದವಾದ ಬಿಸಿನೀರಿನಲ್ಲಿ ಹತ್ತು ನಿಮಿಷ ಕೈಯಿಟ್ಟು ಬೆರಳುಗಳನ್ನು ಮೆಲ್ಲನೆ ಮಡಚಿ ಬಿಡಿಸಿ. ಅದೇ ಹಿತ ಸಿಗುತ್ತದೆ.

ವಿಟಮಿನ್ ಡಿ ಮರೆಯದಿರಿ

ಬಿಸಿಲಿನಿಂದ ದೂರವಿದ್ದಾಗ ಇನ್ನೊಂದು ಕೊರತೆ ಎದುರಾಗುತ್ತದೆ. ನಮ್ಮ ದೇಹ ವಿಟಮಿನ್ ಡಿಯನ್ನು ತಯಾರಿಸುವುದು ಚರ್ಮದ ಮೇಲೆ ಬಿಸಿಲು ಬಿದ್ದಾಗ. ಸದಾ ಮನೆಯೊಳಗಿರುವ, ಮೈಮುಚ್ಚುವ ಉಡುಪು ಧರಿಸುವ ಮಹಿಳೆಯರಲ್ಲಿ ಇದರ ಕೊರತೆ ಸಾಮಾನ್ಯ. ಅದರ ಮೇಲೆ ಸ್ಟೀರಾಯ್ಡ್ ಮಾತ್ರೆಯನ್ನು ದೀರ್ಘಕಾಲ ಸೇವಿಸುತ್ತಿದ್ದರೆ ಮೂಳೆಗಳು ಇನ್ನಷ್ಟು ಟೊಳ್ಳಾಗುತ್ತವೆ. ಹಾಗಾಗಿ ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಅದನ್ನು ಮಾತ್ರೆಯಿಂದಲೇ ತುಂಬಬಹುದು. ಅದಕ್ಕಾಗಿ ಉರಿಬಿಸಿಲಿನಲ್ಲಿ ಕೂರಬೇಕಿಲ್ಲ.

ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಮುಲಾಮುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿಸಿಲಿಗೆ ಹೋದ ದಿನ, ಉರಿ ಕಾಣಿಸಿಕೊಂಡ ಜಾಗವನ್ನು ಒಂದು ಚೀಟಿಯಲ್ಲಿ ಬರೆದಿಡಿ. "ಇಷ್ಟು ಸಣ್ಣ ವಿಷಯವನ್ನು ಡಾಕ್ಟರಿಗೆ ಹೇಳುವುದೇ?" ಎಂಬ ಸಂಕೋಚ ಬೇಡ. ಮನೆಯವರೆಲ್ಲರ ಆರೋಗ್ಯ ನೋಡಿಕೊಳ್ಳುವ ನಿಮ್ಮ ಕೈಗಳು ನಾಳೆಯೂ ಹಿಟ್ಟು ನಾದಬೇಕು, ಮಗುವಿನ ತಲೆ ಬಾಚಬೇಕು. ಆ ಕೈಗಳ ಬಗ್ಗೆ ಇಂದೇ ಬಾಯಿಬಿಟ್ಟು ಹೇಳಿ.