ಉಚಿತ ಬೇರೆ, ಮುಕ್ತ ಬೇರೆ

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೊರಟವರಿಗೆ ನಡುವೆ ಸಿಗುವ ಊರು ಕಂಪಲಾಪುರ. ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಇರುವ ಊರು. ಇಂಥ ಊರುಗಳಲ್ಲಿ ಒಂದಾದರೂ ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಪಹಣಿ ತೆಗೆಸುವವರು, ಬ್ಯಾಂಕಿಗೆ ಅರ್ಜಿ ಬೆರಳಚ್ಚು ಮಾಡಿಸುವವರು, ಲಗ್ನಪತ್ರಿಕೆಯ ಕರಡು ತಿದ್ದಿಸುವವರು ಎಲ್ಲರೂ ಅಲ್ಲಿಗೇ ಬರಬೇಕು. ಅಂಗಡಿಯ ಕಂಪ್ಯೂಟರು ಸಾಮಾನ್ಯವಾಗಿ ಹಳೆಯದು. ಅಂಥ ಬಹುಪಾಲು ಯಂತ್ರಗಳನ್ನು ನಡೆಸುತ್ತಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು. ಅದರ ಮುಂದಿನ ಆವೃತ್ತಿ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಯಂತ್ರ ಕೆಟ್ಟಿಲ್ಲ, ಆದರೂ ಗುಜರಿಗೆ ಹಾಕುವ ಮಾತು! ಆಗ ಯಾರಾದರೊಬ್ಬರು ಬಂದು 'ಲಿನಕ್ಸ್ ಹಾಕಿಸಿ, ಕಾಸು ಕೊಡಬೇಕಾಗಿಲ್ಲ' ಎನ್ನುತ್ತಾರೆ.

ಕಾಸಿಲ್ಲ ಎಂಬುದು ನಿಜ. ಆದರೆ ಅದರ ಮುಖ್ಯ ಗುಣ ಅದಲ್ಲ. ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಮಾತು ಎರಡು ಅರ್ಥ ಹೊತ್ತುಕೊಂಡು ಗೊಂದಲ ಮಾಡಿದೆ. ಕನ್ನಡಕ್ಕೆ ಆ ತೊಂದರೆ ಇಲ್ಲ. ಉಚಿತ ಬೇರೆ, ಮುಕ್ತ ಬೇರೆ. ಬಿಟ್ಟಿಯಾಗಿ ಕೊಟ್ಟ ಪಂಪ್‌ಸೆಟ್ಟಿಗೆ ಸೀಲು ಹಾಕಿ, ಬಿಚ್ಚಿದರೆ ದಂಡ ಎಂದರೆ ಅದು ಉಚಿತ. ಬಿಚ್ಚಿ, ರಿಪೇರಿ ಮಾಡಿ, ಅದೇ ಮಾದರಿಯಲ್ಲಿ ಇನ್ನೊಂದು ಮಾಡಿ ಪಕ್ಕದ ಹೊಲದವನಿಗೂ ಕೊಡಬಹುದು ಎಂದರೆ ಅದು ಮುಕ್ತ. ತಂತ್ರಾಂಶದ ವಿಷಯದಲ್ಲಿ ಬಿಚ್ಚಿ ನೋಡುವುದು ಎಂದರೆ ಅದನ್ನು ಬರೆದವರ ಮೂಲ ಸಂಕೇತವನ್ನು ಓದುವುದು.

ಈ ವಿಚಾರ ಹುಟ್ಟಿದ್ದೂ ಒಂದು ಮುದ್ರಕದ ತಂಟೆಯಿಂದಲೇ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಮುದ್ರಕ ಬಂತು. ಅದರಲ್ಲಿ ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಮುದ್ರಕಕ್ಕೂ ಅದೇ ಕಾಯಿಲೆ. ಆದರೆ ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅದರ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಕಾಯುತ್ತಿರುವವರೆಲ್ಲರಿಗೂ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸದರ ಮೂಲ ಸಂಕೇತ ಕೇಳಿದಾಗ, ಗುಟ್ಟು ಬಿಡುವುದಿಲ್ಲವೆಂದು ಮಾತು ಕೊಟ್ಟಿರುವುದಾಗಿ ಹೇಳಿ ಅದನ್ನು ಹೊಂದಿದ್ದ ಸಂಶೋಧಕರು ನಿರಾಕರಿಸಿದರು. ತಿದ್ದಬಲ್ಲವನು ಎದುರಿಗೇ ಇದ್ದರೂ ತಿದ್ದುವ ಹಕ್ಕಿಲ್ಲದ ಸ್ಥಿತಿ. 1983ರಲ್ಲಿ ಸ್ಟಾಲ್‌ಮನ್ ಪೂರ್ತಿ ಮುಕ್ತವಾದ ಕಾರ್ಯಾಚರಣೆ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದರು. ಗ್ನು ಎಂಬುದು ಅದರ ಹೆಸರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ತಿರುಳು ಅದಕ್ಕೆ ಸೇರಿಕೊಂಡಿತು. ಇಂದು ಉಬುಂಟು, ಡೆಬಿಯನ್ ಎಂದು ಬೇರೆ ಬೇರೆ ಹೆಸರಿನಲ್ಲಿ ಸಿಗುವುದೆಲ್ಲ ಆ ಸಂಸಾರದವೇ.

ಕನ್ನಡಿಗರಿಗೆ ಇದರಿಂದ ಏನು? ಉತ್ತರ ನಮ್ಮ ಲಿಪಿಯಲ್ಲಿದೆ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ದುಡಿದವರಲ್ಲಿ ಮೊದಲ ಸಾಲಿನವರು ಕಿನ್ನಿಕಂಬಳದ ಕೆ.ಪಿ. ರಾವ್. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಎಲ್ಲ ಅಕ್ಷರಗಳನ್ನೂ ಉಚ್ಚಾರಣೆಗೆ ಹೊಂದುವಂತೆ ಕೂಡಿಸಿದ ಕೀಲಿಮಣೆ ಅವರದು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು 'ಸೇಡಿಯಾಪು' ತಂತ್ರಾಂಶವನ್ನು ಅವರು ಪುಕ್ಕಟೆ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಸರ್ಕಾರದ ಬೆಂಬಲದೊಡನೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಇವು ಇಲ್ಲದಿದ್ದರೆ ಕಂಪ್ಯೂಟರಿನ ಮುಂದೆ ಕೂತ ಕನ್ನಡಿಗ ಇಂಗ್ಲಿಷಿನಲ್ಲೇ ತಡಕಾಡಬೇಕಾಗಿತ್ತು. ಆ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಆಗಿನ ವಿಧಾನದಲ್ಲಿ ಒಂದು ಕೊರತೆಯಿತ್ತು. ಕಂಪ್ಯೂಟರು ಉಳಿಸಿಕೊಳ್ಳುತ್ತಿದ್ದುದು ಕನ್ನಡದ ಅಕ್ಷರವನ್ನಲ್ಲ, ಅದರ ಚೂರುಗಳಿಗೆ ಕೊಟ್ಟ ಇಂಗ್ಲಿಷ್ ಚಿಹ್ನೆಗಳ ನಂಬರುಗಳನ್ನು. ತಲೆಕಟ್ಟು, ಕೊಂಬು, ಒತ್ತು ಇವೆಲ್ಲ ಬೇರೆ ಬೇರೆ ಚೂರು. ಆ ಫಾಂಟ್ ಇರುವ ಯಂತ್ರದಲ್ಲಿ ತೆರೆದರೆ ಕನ್ನಡ. ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಕಲಸುಮೇಲೋಗರ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೂ ಆಗದು. ವರ್ಷಗಟ್ಟಲೆ ಬೆರಳಚ್ಚು ಮಾಡಿದ ಪುಸ್ತಕಗಳೂ ಪತ್ರಗಳೂ ಹೀಗೆ ಸಿಕ್ಕಿಹಾಕಿಕೊಂಡಿವೆ.

ಯುನಿಕೋಡ್ ಈ ಕೊರತೆಯನ್ನು ನೀಗಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಇಲ್ಲಿ ಉಳಿಯುವುದು ಧ್ವನಿಯ ಕ್ರಮ: 'ಕಿ' ಎಂದರೆ ಕಕಾರ, ಆಮೇಲೆ ಗುಡಿಸು. ಒತ್ತನ್ನು ಕೆಳಗಿಳಿಸುವ, ಅರ್ಕಾವೊತ್ತನ್ನು ಬಲಕ್ಕೆ ತಳ್ಳುವ ಕೆಲಸವೆಲ್ಲ ಪರದೆಯ ಮೇಲೆ ಮೂಡುವಾಗ ಆಗಬೇಕು. ಅಂದರೆ ಕನ್ನಡದ ಕಾಗುಣಿತವನ್ನು ಯಂತ್ರಕ್ಕೆ ಯಾರಾದರೂ ಕಲಿಸಬೇಕು. ಲಿನಕ್ಸಿನಲ್ಲಿ ಮೊದಮೊದಲು ಒಂದೊಂದು ತಂತ್ರಾಂಶವೂ ತನಗೆ ತೋಚಿದಂತೆ ಕಲಿತಿತ್ತು. ಒಂದರಲ್ಲಿ ಸರಿಯಾಗಿ ಮೂಡಿದ ಪದ ಇನ್ನೊಂದರಲ್ಲಿ ಕಾಲು ಮುರಿದುಕೊಳ್ಳುತ್ತಿತ್ತು. ಈ ಕೆಲಸವನ್ನು ಒಂದೆಡೆಗೆ ತಂದದ್ದು ಇರಾನ್ ಮೂಲದ ಬೆಹ್ದಾದ್ ಎಸ್ಫಹ್ಬೋದ್ ಮುಂದಾಳಾಗಿ ಬೆಳೆಸಿದ 'ಹಾರ್ಫ್‌ಬಜ್'. ಹರ್ಫ್ ಎಂದರೆ ಪಾರಸಿಯಲ್ಲಿ ಅಕ್ಷರ, ಬಾಜ್ ಎಂದರೆ ತೆರೆದದ್ದು. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಫೋನುಗಳು ಎಲ್ಲವೂ ಇದನ್ನು ಬಳಸುತ್ತವೆ. ಮೂಲ ಸಂಕೇತ ತೆರೆದಿರುವುದರಿಂದ ತಪ್ಪು ಕಂಡವನು ತೋರಿಸಿಕೊಡಬಹುದು, ಬಲ್ಲವನಾದರೆ ತಿದ್ದಿಯೂ ಕೊಡಬಹುದು. ಒಮ್ಮೆ ತಿದ್ದಿದರೆ ಕ್ರಮೇಣ ಎಲ್ಲ ಕಡೆಗೂ ತಲುಪುತ್ತದೆ.

ಹೀಗಾದರೂ ಲಿಪಿಯ ಕೆಲವು ತೊಡಕುಗಳು ಬಳಸುವವರಿಗೇ ಗೊತ್ತಿರಬೇಕು. ರಕಾರಕ್ಕೆ ಯಕಾರದ ಒತ್ತು ಕೊಟ್ಟರೆ 'ಕಾರ್ಯ'ದಲ್ಲಿ ಇರುವಂತೆ ಅರ್ಕಾವೊತ್ತು ಬರುವುದು ನಿಯಮ. 'ರ‍್ಯಾಂಕ್' ಎಂದು ಬರೆಯಬೇಕೆಂದರೆ ರಕಾರದ ಬೆನ್ನಿಗೇ ಕಣ್ಣಿಗೆ ಕಾಣದ ಕೂಡಿಕೆಯ ಚಿಹ್ನೆಯೊಂದನ್ನು ಒತ್ತಬೇಕು. 'ಸಾಫ್ಟ್‌ವೇರ್' ಎಂಬಲ್ಲಿ ವಕಾರ ಒತ್ತಾಗಿ ಕೆಳಗೆ ಜಾರದಿರಲು ಅರ್ಧಾಕ್ಷರದ ಬಳಿಕ ಅಂಥದೇ ಬಿಡಿಕೆಯ ಚಿಹ್ನೆ ಬೇಕು. ಅಕ್ಷರದ ಬದಲು ಬರೀ ಚೌಕಗಳು ಕಂಡರೆ ಫಾಂಟ್ ಇಲ್ಲವೆಂದೇ ಅರ್ಥ. ಲೋಹಿತ್, ಕೇದಗೆ, ಮಲ್ಲಿಗೆ, ಗುಬ್ಬಿ ಇವುಗಳಲ್ಲಿ ಒಂದನ್ನು ಹಾಕಿಕೊಂಡರೆ ಸಾಕು. ಕೀಲಿಮಣೆಯ ಚಿಂತೆಯಂತೂ ಬೇಡ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಎದುರು 'ಕಗಪ' ಎಂದಿರುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಹೆಸರಿನ ಹ್ರಸ್ವರೂಪ, ವಿನ್ಯಾಸ ಕೆ.ಪಿ. ರಾವ್ ಅವರದು. 'ನುಡಿ'ಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನಿಲ್ಲ. ಮೆನುಗಳನ್ನೂ ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಫೈಲಿಗೆ 'ಕಡತ' ಎಂಬ ತಾಲ್ಲೂಕು ಕಚೇರಿಯ ಮಾತು ಚೆನ್ನಾಗಿ ಒಗ್ಗಿದೆ. ಕೆಲವು ಅನುವಾದಗಳು ಮಾತ್ರ ಮೂಲ ಇಂಗ್ಲಿಷೇ ವಾಸಿ ಎನಿಸುವಂತಿವೆ.

ಕನ್ನಡದ ಮಕ್ಕಳು ಇದನ್ನು ದಿನನಿತ್ಯ ಬಳಸುವ ಸೀಮೆಯೊಂದಿದೆ, ಅದು ಕರ್ನಾಟಕದ ಗಡಿಯಾಚೆಗೆ! ಕೇರಳ ತನ್ನ ಶಾಲೆಗಳ ಕಂಪ್ಯೂಟರ್ ಪಾಠವನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿ ಬಹಳ ವರ್ಷವಾಯಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಲಿನಕ್ಸಿನಲ್ಲೇ, ಕನ್ನಡದ ಪಠ್ಯಪುಸ್ತಕ ಹಿಡಿದೇ.

ಅಂಗಡಿಯವನು ಒಂದೇ ದಿನದಲ್ಲಿ ಹಳೆಯದನ್ನು ಅಳಿಸಿಹಾಕಬೇಕಾಗಿಲ್ಲ. ಲಿನಕ್ಸನ್ನು ಪೆನ್‌ಡ್ರೈವಿಗೆ ತುಂಬಿ, ಯಂತ್ರದ ಡಿಸ್ಕನ್ನು ಮುಟ್ಟದೆ ಅಲ್ಲಿಂದಲೇ ನಡೆಸಿ ನೋಡಬಹುದು. ವೈಫೈ ಹಿಡಿಯುತ್ತದೆಯೇ, ಸ್ಕ್ಯಾನರ್ ಓಡುತ್ತದೆಯೇ, ಮುಖ್ಯವಾಗಿ ಮುದ್ರಕ ಮಾತು ಕೇಳುತ್ತದೆಯೇ ಎಂದು ಪರೀಕ್ಷಿಸಬೇಕು. ಕೆಲವು ಅಗ್ಗದ ಮುದ್ರಕಗಳಿಗೆ ತಯಾರಕರು ಇಂದಿಗೂ ಲಿನಕ್ಸಿನ ಚಾಲಕ ಕೊಟ್ಟಿಲ್ಲ. ವಿಂಡೋಸಿಗೆಂದೇ ಮಾಡಿದ ಬೆರಳಚ್ಚು ಗುರುತಿನ ಸಾಧನವಿದ್ದರೆ ಅದಕ್ಕೊಂದು ಹಳೆಯ ಯಂತ್ರ ಉಳಿಸಿಕೊಳ್ಳುವುದೇ ಲೇಸು. ಹಳೆಯ 'ನುಡಿ' ಕಡತಗಳನ್ನು ಯುನಿಕೋಡಿಗೆ ತಿರುಗಿಸುವ ಮುಕ್ತ ಪರಿವರ್ತಕಗಳಿವೆ. ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಅಕ್ಷರದ ಹಿಂದೆ ಬರುತ್ತದೆ, ಯುನಿಕೋಡಿನಲ್ಲಿ ಅಕ್ಷರಕ್ಕೆ ಮುಂಚೆಯೇ. ಪರಿವರ್ತಕ ಅದನ್ನು ಎತ್ತಿ ಸ್ಥಳ ಬದಲಿಸುವಾಗ ಒಮ್ಮೊಮ್ಮೆ ಎಡವುತ್ತದೆ. ಆದ್ದರಿಂದ ತಿರುಗಿಸಿದ ಮೇಲೆ ಅರ್ಕಾವೊತ್ತು ಇರುವ ಹೆಸರುಗಳನ್ನೆಲ್ಲ ಒಮ್ಮೆ ಕಣ್ಣಾರೆ ಓದಿ ನೋಡಬೇಕು, ಅದರಲ್ಲೂ ಲಗ್ನಪತ್ರಿಕೆಯಾದರೆ.