ಡಯಾಲಿಸಿಸ್ ರೋಗಿಗಳಿಗೆ ಔಷಧಕಾಲದ ಅರಿವು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಭಾಗದ ಸದ್ಭಕ್ತರ ಮನೆಗಳಲ್ಲಿ ಡಯಾಲಿಸಿಸ್ ಎಂಬುದು ಇಂದು ಅಪರಿಚಿತ ಪದವಲ್ಲ. 2016ರಲ್ಲಿ ಘೋಷಿತವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಬಡವರಿಗೂ ಈ ಚಿಕಿತ್ಸೆಯ ದಾರಿ ತೆರೆಯಿತು. ಆದರೆ ಯಂತ್ರದಿಂದ ರಕ್ತ ಶುದ್ಧವಾದರೆ ಸಾಕು, ಮಾತ್ರೆಗಳೇಕೆ ಎಂಬ ಭಾವನೆ ಹಲವರಲ್ಲಿದೆ. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆಯೆಂದರೂ 168 ಗಂಟೆಗಳ ವಾರದಲ್ಲಿ ಯಂತ್ರದ ಪಾಲು 12 ಗಂಟೆ ಮಾತ್ರ. ಉಳಿದ 156 ಗಂಟೆಗಳಲ್ಲಿ ದೇಹವನ್ನು ಕಾಯುವುದು ಪಥ್ಯ ಮತ್ತು ಔಷಧ.

ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ 4 ಪಾದಗಳನ್ನು ಹೇಳಿ, ಸೂಚನೆಯಂತೆ ನಡೆಯುವುದನ್ನು ರೋಗಿಯ ಗುಣಗಳಲ್ಲಿ ಎಣಿಸುತ್ತದೆ. ಅರ್ಥವಾಗದ ಸೂಚನೆಯನ್ನು ಪಾಲಿಸುವುದೆಂತು? ಅದನ್ನು ಬಿಡಿಸಿ ಹೇಳಬಲ್ಲವರು ಫಾರ್ಮಸಿಸ್ಟರು. ರೋಗಿಗೆ ಔಷಧದ ತಿಳಿವಳಿಕೆ ನೀಡುವುದು ಅವರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯೇ ಹೇಳುತ್ತದೆ. ಆದ್ದರಿಂದ ಕೇಳಲು ಸಂಕೋಚ ಬೇಡ.

ರಂಜಕವನ್ನು ತಡೆಯುವ ಮಾತ್ರೆಯನ್ನೇ ನೋಡೋಣ. ರಕ್ತದಲ್ಲಿ ರಂಜಕ ಹೆಚ್ಚಿದರೆ ಮೈ ನವೆ, ಮೂಳೆ ಸವೆತ, ರಕ್ತನಾಳಗಳ ಗಡಸುತನ ಉಂಟಾಗುತ್ತವೆ. ಈ ಮಾತ್ರೆಯು ಅನ್ನದೊಳಗಿನ ರಂಜಕವನ್ನು ಕರುಳಿನಲ್ಲಿಯೇ ಹಿಡಿದಿಡುತ್ತದೆ. ಆದ್ದರಿಂದ ಊಟದೊಡನೆ ಸೇವಿಸಿದರೆ ಮಾತ್ರ ಫಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವ್ಯರ್ಥ. ಮಠದ ದಾಸೋಹಕ್ಕೋ ಮದುವೆಯೂಟಕ್ಕೋ ಹೊರಟಾಗಲೂ ಅದು ಜೇಬಿನಲ್ಲಿರಲಿ. ಕಬ್ಬಿಣಾಂಶದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಅಂತರವಿರಬೇಕು. ಡಯಾಲಿಸಿಸ್ ದಿನ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದರೆ ಕೆಲವರಿಗೆ ಯಂತ್ರದ ಮೇಲಿರುವಾಗ ರಕ್ತದೊತ್ತಡ ಕುಸಿಯುವುದುಂಟು. ಅಂದು ಯಾವಾಗ ಸೇವಿಸಬೇಕೆಂದು ವೈದ್ಯರನ್ನು ಕೇಳಿರಿ, ತಾವಾಗಿಯೇ ನಿಲ್ಲಿಸಬೇಡಿರಿ. ಒಂದು ಹೊತ್ತು ಮರೆತರೆ ಮರುಹೊತ್ತಿಗೆ ಎರಡು ನುಂಗಬಾರದು.

ಆಯುರ್ವೇದ ವೈದ್ಯರಾಗಿಯೇ ನಾವು ಇನ್ನೊಂದು ಮಾತು ಹೇಳಬೇಕು. ಕೆಟ್ಟ ಮೂತ್ರಪಿಂಡವು ಹೊರಹಾಕಲಾರದ ದ್ರವ್ಯಗಳು ದೇಹದಲ್ಲಿ ಶೇಖರವಾಗುತ್ತವೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವೇ ನಿಲ್ಲಬಹುದು. ಭಸ್ಮ, ಕಷಾಯ, ನಾಟಿ ಔಷಧ, ಅಂಗಡಿಯ ನೋವಿನ ಮಾತ್ರೆ, ಯಾವುದನ್ನೂ ಮೂತ್ರಪಿಂಡ ತಜ್ಞರಿಗೆ ತಿಳಿಸದೆ ಸೇವಿಸಬಾರದು. ಅವುಗಳನ್ನು ನಂಬಿ ಡಯಾಲಿಸಿಸ್ ಬಿಡುವುದಂತೂ ಪ್ರಾಣಾಪಾಯ.

ಖರ್ಚಿಗೆ ಅಂಜಿ ಮಾತ್ರೆಯನ್ನು ಅರ್ಧ ಮಾಡುವವರೂ ಇದ್ದಾರೆ. ಕಷ್ಟವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿರಿ. ಜನೌಷಧಿ ಕೇಂದ್ರಗಳಲ್ಲಿ ಅನೇಕ ಔಷಧಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ತಿಂಗಳಿಗೊಮ್ಮೆ ಮನೆಯವರು ರೋಗಿಯ ಎಲ್ಲ ಔಷಧಗಳನ್ನೂ ಒಂದೇ ಚೀಲದಲ್ಲಿ ಒಯ್ದು ಫಾರ್ಮಸಿಸ್ಟರಿಗೆ ತೋರಿಸಲಿ. ಯಾವುದು, ಏಕೆ, ಯಾವ ಹೊತ್ತಿಗೆ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಲಿ. ಪರಿಚಾರಕನೆಂಬ ಪಾದವನ್ನು ಗಟ್ಟಿಗೊಳಿಸುವ ಸೇವೆ ಇದೇ.